ಬೆರಳು ಸಿಕ್ಕಿಕೊಂಡಿದ್ದಕ್ಕೆ ಎಫ್‌ಐಆರ್ ಯಾಕ್ರೀ?

ನಮ್ಮಕ್ಕ ಎಲ್ಲೂ ಬಿದ್ದಿಲ್ಲ. ಯಾರೂ ಹೊಡೆದಿಲ್ಲ. ಗಾಡಿ ತಾಗಿಲ್ಲ. ಆದರೂ ಇನ್ಶೂರೆನ್ಸ್‌ನವರು ಎಫ್‌ಐಆರ್ ಕಾಪಿ ಕೇಳ್ತಿದ್ದಾರೆ!

ಅಕ್ಕ ಇಲ್ಲೇ ಕಲಬುರಗಿಯಲ್ಲಿ ಖಾನಾವಳಿ ನಡೆಸುತ್ತಾಳೆ. ದಿನಾ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವ ಕೈ. ಬಲಗೈ ಉಂಗುರ ಬೆರಳು ಮಡಚಿದರೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಎಡಗೈಯಿಂದ ಎಳೆದರೆ ಟಕ್ ಅಂತ ಬಿಡೋದು, ಜೀವ ಹೋಗುವಂಥ ನೋವು. ಟ್ರಿಗರ್ ಫಿಂಗರ್ ಅಂದರು ಡಾಕ್ಟರ್. ಬೆರಳು ಮಡಚುವ ಟೆಂಡನ್, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ, ಅಂಗೈಯಲ್ಲಿ ಒಂದು ಬಿಗಿ ಪಟ್ಟಿಯ ಕೆಳಗೆ ಜಾರಬೇಕು, ಬಾವು ಬಂದರೆ ಅಲ್ಲಿ ಸಿಗಿಬೀಳುತ್ತದೆ. ಇಂಜೆಕ್ಷನ್‌ಗೆ ಬಗ್ಗಲಿಲ್ಲ. ಆ ಪಟ್ಟಿ ಬಿಡಿಸಿ ಸಣ್ಣ ಆಪರೇಷನ್ ಮಾಡಿದರು. ಡಾಕ್ಟರ್ ಕೆಲಸ ಚೊಕ್ಕ. ಡಿಸ್ಚಾರ್ಜ್ ಕಾಗದದಲ್ಲೂ ಸರಿಯಾಗೇ ಬರೆದಿದ್ದಾರೆ.

ಕೆಡಿಸಿದ್ದು ಬಿಲ್ಲಿಂಗ್‌ನವರು. ಕ್ಲೇಮ್ ಫಾರ್ಮಿನ ಬಿ ಭಾಗ ಆಸ್ಪತ್ರೆಯವರೇ ತುಂಬಬೇಕು. ಅದರಲ್ಲಿ ಐಸಿಡಿ-10 ಕೋಡ್ ಹಾಕಬೇಕು, ಅಂದರೆ ಒಂದೊಂದು ಕಾಯಿಲೆಗೂ ಗಾಯಕ್ಕೂ ಲೋಕಕ್ಕೆಲ್ಲ ಒಂದೇ ಅಂತ ಇಟ್ಟಿರುವ ಗುರುತಿನ ಸಂಖ್ಯೆ. ಟ್ರಿಗರ್ ಫಿಂಗರ್‌ಗೆ ಎಂ65.3. ಅಮೆರಿಕದವರ ಉದ್ದನೆ ಪಟ್ಟಿಯಲ್ಲಾದರೆ ಬೆರಳಿಗೊಂದು ಕೋಡ್, ಬಲಗೈ ಉಂಗುರ ಬೆರಳಿಗೆ ಎಂ65.341. ಯಾವುದನ್ನು ಹಾಕಿದ್ದರೂ ನಡೆಯುತ್ತಿತ್ತು. ಇವರು ಹಾಕಿದ್ದು ಎಸ್66.1! ಎಸ್ ಅಂದರೆ ಗಾಯದ ಗುಂಪು. ಪೆಟ್ಟು ಬಿದ್ದು ಟೆಂಡನ್ ಹರಿದವರಿಗೆ ಹಾಕೋ ಕೋಡ್ ಅದು. ಕಾಯಿಲೆ ಬೇರೆ, ಗಾಯ ಬೇರೆ ಅನ್ನೋದು ದಿನಾ ಇದೇ ಕೆಲಸ ಮಾಡುವವರಿಗೆ ಗೊತ್ತಿರಬೇಡವಾ?

ಗಾಯ ಅಂದಕೂಡಲೇ ಆ ಫಾರ್ಮ್ ಮುಂದಿನ ಪ್ರಶ್ನೆ ಕೇಳುತ್ತದೆ: ತಾನೇ ಮಾಡಿಕೊಂಡದ್ದಾ, ರಸ್ತೆ ಅಪಘಾತವಾ, ಕುಡಿದಿದ್ದರಾ, ಪೊಲೀಸರಿಗೆ ತಿಳಿಸಿದ್ದೀರಾ. ಬೆಳಗಾಗೆದ್ದು ಒಲೆ ಹಚ್ಚಿ ದುಡಿಯುವ ಹೆಂಗಸಿಗೆ ಫೋನಿನಲ್ಲಿ ಈ ಪ್ರಶ್ನೆಗಳು! ಅವಳು ಫೋನಿಟ್ಟು ಅತ್ತಳು. ನನಗೆ ಮೈಯೆಲ್ಲ ಉರಿಯಿತು.

ಕೌಂಟರ್‌ಗೆ ಹೋದರೆ ಕೋಡ್ ಹಾಕೋರು ಬೇರೆ ಅಂತಾರೆ. ಡಾಕ್ಟರ್ ಲೆಟರ್ ತನ್ನಿ ಅಂತಾರೆ. ತಂದುಕೊಟ್ಟರೆ, ಸಿಸ್ಟಮ್‌ನಲ್ಲಿ ಲಾಕ್ ಆಗಿದೆ, ತಿದ್ದಕ್ಕೆ ಬರಲ್ಲ ಅಂತಾರೆ. ಇನ್ಶೂರೆನ್ಸ್‌ನವರು ಆಸ್ಪತ್ರೆ ಸೀಲಿಲ್ಲದೆ ಫೈಲ್ ಮುಟ್ಟಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಕಾಯಿಲೆ ಹೆಸರು ಸ್ಪಷ್ಟವಾಗಿದೆ, ಅದನ್ನು ಓದೋಕೂ ಯಾರೂ ತಯಾರಿಲ್ಲ.

ಬಿಲ್ ಕಟ್ಟಲು ಅಕ್ಕ ಕೈಸಾಲ ಮಾಡಿದ್ದಾಳೆ. ಸಾಲ ಕೊಟ್ಟವರು ಖಾನಾವಳಿಗೇ ಬಂದು ಗಿರಾಕಿಗಳ ಮುಂದೆ ಕೇಳ್ತಿದ್ದಾರೆ. ಬಿ ಭಾಗ ತಿದ್ದಿ, ಸೀಲು ಹಾಕಿ ಕೊಡೋಕೆ ನಿಮಗೆ ಇನ್ನೇನು ಬೇಕ್ರೀ?