ಹಾಡುವವರ ನಡುವೆ ಸುಮ್ಮನೆ ಕುಳಿತವರು

ಕೆಲವು ವರ್ಷಗಳ ಹಿಂದೆ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಯ ಫುಟ್‌ಬಾಲ್ ಪಂದ್ಯವೊಂದನ್ನು ನೋಡುತ್ತಿದ್ದಾಗ, ಮುಂದಿನ ಸಾಲಿನಲ್ಲಿ ನಿಂತು ಹಾಡುತ್ತಿದ್ದ ಯುವಕನೊಬ್ಬ ಹಿಂದಕ್ಕೆ ತಿರುಗಿ ನನ್ನ ತಂದೆಯವರನ್ನು, "ಅಂಕಲ್, ಹೀಗೆ ಸುಮ್ನೆ ಕೂರೋದಾದ್ರೆ ಮನೇಲೇ ಟಿವಿ ನೋಡ್ಬಹುದಲ್ವಾ?" ಎಂದು ಕೇಳಿದ. ಅವನ ದನಿಯಲ್ಲಿ ದ್ವೇಷವಿರಲಿಲ್ಲ. ತಂಡದ ಮೇಲಿನ ಅಭಿಮಾನವೇ ಆ ಮಾತನ್ನು ಆಡಿಸಿತ್ತು. ಅಪ್ಪ ಉತ್ತರ ಕೊಡಲಿಲ್ಲ. ಪಂದ್ಯ ಮುಗಿದು ಕಸ್ತೂರ್ಬಾ ರಸ್ತೆಯಲ್ಲಿ ಆಟೊಗಾಗಿ ಕಾಯುತ್ತಿದ್ದಾಗ ಮಾತ್ರ, "ಇನ್ಮೇಲೆ ನೀನೊಬ್ಬನೇ ಹೋಗಿ ಬಾಪ್ಪ" ಎಂದರು. ಅವರ ಪಕ್ಕದಲ್ಲೇ ನಿಂತು ನಾನೂ ಗಂಟಲು ಕಟ್ಟುವವರೆಗೆ ಹಾಡಿದ್ದೆನಾದ್ದರಿಂದ ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಅಪ್ಪ ದೂರವಾಣಿನಗರದಲ್ಲಿ ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಯಲ್ಲಿ ದುಡಿದವರು. 1977ರಲ್ಲಿ ಮೊತ್ತಮೊದಲ ಫೆಡರೇಷನ್ ಕಪ್ಪನ್ನು ಮೋಹನ್ ಬಾಗಾನ್ ಎದುರು ಗೆದ್ದು ತಂದ ಐಟಿಐ ತಂಡದ ನೆನಪು ಅವರಿಗೆ ಇಂದಿಗೂ ಮಾಸಿಲ್ಲ. ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಪಂದ್ಯ ನೋಡಿ ಬೆಳೆದ ಅವರ ತಲೆಮಾರಿನವರು ಚೆಂಡಿನ ಹಿಂದೆಯೇ ಕಣ್ಣು ಓಡಿಸುವವರಲ್ಲ. ಚೆಂಡು ಎಡಬದಿಯಲ್ಲಿರುವಾಗ ಬಲಬದಿಯ ರಕ್ಷಣಾ ಆಟಗಾರ ಎಷ್ಟು ಹೆಜ್ಜೆ ಒಳಗೆ ಸರಿದ, ಮಧ್ಯಮೈದಾನದವನು ಚೆಂಡು ತನ್ನ ಬಳಿ ಬರುವ ಮೊದಲೇ ಹೆಗಲ ಮೇಲಿಂದ ಹಿಂದೆ ನೋಡಿಕೊಂಡನೋ ಇಲ್ಲವೋ, ಫ್ರೀ ಕಿಕ್ ತಡೆಯಲು ಗೋಲ್‌ಕೀಪರ್ ಆಟಗಾರರ ಗೋಡೆ ನಿಲ್ಲಿಸುವಾಗ ಯಾವ ಮೂಲೆಯನ್ನು ಬಿಟ್ಟುಕೊಟ್ಟ ಎನ್ನುವುದೆಲ್ಲ ಅವರಿಗೆ ಬೇಕು. ತೊಂಬತ್ತು ನಿಮಿಷಗಳಲ್ಲಿ ಅಪ್ಪನ ಬಾಯಿಂದ ಹೊರಡುವುದು ನಾಲ್ಕೈದು ಸಲ "ಭೇಷ್", ಒಂದೆರಡು ಸಲ "ಥತ್" ಅಷ್ಟೇ. ರಾಮೋತ್ಸವದ ಕಛೇರಿಯಲ್ಲಿ ತೊಡೆಯ ಮೇಲೆ ತಾಳ ಹಾಕುತ್ತ ಕೂರುವ ಹಿರಿಯರನ್ನು ನೋಡಿದವರಿಗೆ ಈ ಮೌನ ಹೊಸದಲ್ಲ. ಅವರು ಹಾಡುತ್ತಿಲ್ಲವೆಂದು ಯಾರೂ ಎಬ್ಬಿಸುವುದಿಲ್ಲ. ಮೃದಂಗದವನು ಮುಕ್ತಾಯಕ್ಕೆ ಬರುವಾಗ ಆ ಸಾಲಿನಿಂದ ಬರುವ ಒಂದು ತಲೆದೂಗಿಗಾಗಿ ವಿದ್ವಾಂಸರೇ ಕಾಯುತ್ತಾರೆ.

ಹಾಗೆಂದು ಹಾಡುವವರನ್ನು ನಾನು ದೂರುತ್ತಿಲ್ಲ, ಏಕೆಂದರೆ ನನ್ನನ್ನು ಮತ್ತೆ ಮೈದಾನಕ್ಕೆ ಎಳೆದು ತಂದದ್ದು ಅವರೇ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಅಶೋಕನಗರದ ಮೈದಾನದಲ್ಲಿ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗನ್ನು ಮೊದಲ ಬಾರಿಗೆ ಆಡಿ, ಮೊದಲ ಪ್ರಯತ್ನದಲ್ಲೇ ಪ್ರಶಸ್ತಿ ಗೆದ್ದಾಗ, ಅಲ್ಲಿನ ಪಶ್ಚಿಮದ ಗ್ಯಾಲರಿಯಲ್ಲಿ ಸೇರುತ್ತಿದ್ದ ಅಭಿಮಾನಿಗಳು ಆ ಜಾಗದ ಹೆಸರನ್ನೇ ಇಟ್ಟುಕೊಂಡು ವೆಸ್ಟ್ ಬ್ಲಾಕ್ ಬ್ಲೂಸ್ ಆದರು. ಮರುವರ್ಷ ತಂಡ ಕಂಠೀರವಕ್ಕೆ ಬಂದಾಗ ಅವರ ಡ್ರಮ್ಮು, ಬಾವುಟ, ಹಾಡುಗಳೂ ಬಂದವು. ಪಂದ್ಯ ಮುಗಿದ ಮೇಲೆ ಆಟಗಾರರು ಆ ಗ್ಯಾಲರಿಯ ಮುಂದೆ ಸಾಲಾಗಿ ನಿಂತು, ಕೈಗಳನ್ನು ತಲೆಯ ಮೇಲೆತ್ತಿ, ಅಭಿಮಾನಿಗಳ ಜೊತೆ ಒಂದೇ ಲಯದಲ್ಲಿ ಚಪ್ಪಾಳೆ ಹೊಡೆಯುವುದನ್ನು ಕಂಡವರಿಗೆ, ಊರಿಗೂ ತಂಡಕ್ಕೂ ನಂಟು ಹೇಗೆ ಬೆಳೆಯುತ್ತದೆಂದು ಬೇರೆ ವಿವರಿಸಬೇಕಾಗಿಲ್ಲ.

ನನ್ನ ಪಾಲಿಗೆ ಮರೆಯಲಾಗದ ರಾತ್ರಿಯೆಂದರೆ 2016ರ ಅಕ್ಟೋಬರ್ 19. ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೆಯ ಪಂದ್ಯ, ಎದುರಾಳಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಅವರ ನೆಲದಲ್ಲಿ 1-1 ಆಗಿತ್ತು. ಇಲ್ಲಿ ಮೊದಲು ಗೋಲು ಹೊಡೆದದ್ದೂ ಅವರೇ. ಆ ಗೋಲಿನ ನಂತರ ನನ್ನ ಸುತ್ತ ಕೆಲವು ಕ್ಷಣ ಆವರಿಸಿದ ನಿಶ್ಶಬ್ದವನ್ನು ನಾನು ಇಂದಿಗೂ ಕೇಳಬಲ್ಲೆ. ಡ್ರಮ್ಮು ಮತ್ತೆ ಶುರುವಾಯಿತು. ನಮ್ಮ ನಾಯಕ ಸುನಿಲ್ ಚೆಟ್ರಿ ಸಮ ಮಾಡಿದರು, ಮುಂದೆ ದೂರದಿಂದ ಹೊಡೆದ ಅವರ ಎರಡನೆಯ ಗೋಲು ಬಂತು, ಹುವಾನನ್ ಮೂರನೆಯದನ್ನು ಸೇರಿಸಿದರು. ಭಾರತದ ಕ್ಲಬ್ಬೊಂದು ಮೊದಲ ಬಾರಿಗೆ ಆ ಕಪ್ಪಿನ ಫೈನಲ್ ತಲುಪಿತು. ಅಂದು ಹಾಡದೆ ಉಳಿಯುವುದು ನನ್ನಿಂದ ಸಾಧ್ಯವಿರಲಿಲ್ಲ. ಆದರೆ ಹಾಡಿಗೆ ಅಷ್ಟು ಬಲ ಬಂದದ್ದು ನಾವೆಲ್ಲರೂ ಆ ಮೊದಲ ಗೋಲಿನ ಪೆಟ್ಟನ್ನು ಮೌನವಾಗಿ ನುಂಗಿದ್ದೆವು ಎಂಬ ಕಾರಣಕ್ಕೆ ಎಂದೇ ನಾನು ನಂಬಿದ್ದೇನೆ.

ಹಾಡುವವರು ಸಾಮಾನ್ಯವಾಗಿ ಮುಂದಿಡುವ ವಾದ ಗಟ್ಟಿಯಾದದ್ದೇ: ಸದ್ದು ಆಟವನ್ನು ಬದಲಿಸುತ್ತದೆ. ಇಂಗ್ಲೆಂಡಿನಲ್ಲಿ ಲಿವರ್‌ಪೂಲ್ ಮತ್ತು ಲೆಸ್ಟರ್ ನಡುವಿನ ಪಂದ್ಯವೊಂದರ ದೃಶ್ಯಗಳನ್ನು ಅನುಭವಿ ರೆಫರಿಗಳಿಗೆ ತೋರಿಸಿ, ಅರ್ಧದಷ್ಟು ಮಂದಿಗೆ ಪ್ರೇಕ್ಷಕರ ಸದ್ದನ್ನು ಕೇಳಿಸಿ, ಉಳಿದವರಿಗೆ ಕೇಳಿಸದೆ ನಡೆಸಿದ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಸದ್ದು ಕೇಳಿಸಿಕೊಂಡ ರೆಫರಿಗಳು ಆತಿಥೇಯ ತಂಡದ ಮೇಲೆ ಕಡಿಮೆ ಫೌಲ್‌ಗಳನ್ನು ಕೊಟ್ಟಿದ್ದರು. 2020ರ ಮೇ ತಿಂಗಳಲ್ಲಿ ಜರ್ಮನಿಯ ಬುಂಡೆಸ್‌ಲೀಗಾ ಖಾಲಿ ಕ್ರೀಡಾಂಗಣಗಳಲ್ಲಿ ಮತ್ತೆ ಆರಂಭವಾದಾಗ ತವರಿನ ಲಾಭ ಕುಗ್ಗಿದ್ದನ್ನೂ ನೋಡಿದೆವು. ಕೋಚ್‌ನ ಕೂಗು, ಚೆಂಡಿಗೆ ಕಾಲು ತಗಲುವ ಸದ್ದು, ಗೋಲಾದ ಮೇಲೂ ಏಳದ ಗ್ಯಾಲರಿ. ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕೂಡ 2020-21ರಲ್ಲಿ ಇಡಿಯಾಗಿ ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಆ ವರ್ಷ ಅಪ್ಪ ಟಿವಿಯ ಮುಂದೆ ಕುಳಿತು, "ಇದು ಅಭ್ಯಾಸದ ಆಟದ ಹಾಗಿದೆ" ಎಂದದ್ದು ನನಗೆ ನೆನಪಿದೆ. ಸದ್ದಿಲ್ಲದ ಆಟ ಸುಮ್ಮನೆ ನೋಡುವವರಿಗೂ ರುಚಿಸುವುದಿಲ್ಲ. ಅವರ ಮೌನಕ್ಕೂ ಸುತ್ತ ಹಾಡು ಬೇಕು.

ಹಾಗಿದ್ದರೆ ಮೌನದ ಮೇಲೆ ಸಿಟ್ಟೇಕೆ? ಇದರ ಹಿಂದೆ ಇಂಗ್ಲೆಂಡಿನ ಕಥೆಯಿದೆ ಎಂದು ನನಗನ್ನಿಸುತ್ತದೆ, ಏಕೆಂದರೆ ನಮ್ಮ ಯುವ ಅಭಿಮಾನಿಗಳಲ್ಲಿ ಬಹಳ ಜನ ಅಭಿಮಾನದ ಪಾಠ ಕಲಿತದ್ದು ಪ್ರೀಮಿಯರ್ ಲೀಗ್ ನೋಡಿ. 1989ರ ಏಪ್ರಿಲ್ 15ರಂದು ಹಿಲ್ಸ್‌ಬರೋ ಕ್ರೀಡಾಂಗಣದ ನಿಂತು ನೋಡುವ ಗ್ಯಾಲರಿಯಲ್ಲಿ ನಡೆದ ಕಿಕ್ಕಿರಿದ ಜನಸಂದಣಿಯ ದುರಂತ 97 ಲಿವರ್‌ಪೂಲ್ ಅಭಿಮಾನಿಗಳ ಪ್ರಾಣ ತೆಗೆದುಕೊಂಡಿತು. ಅದರ ತನಿಖೆ ನಡೆಸಿದ ಲಾರ್ಡ್ ಟೇಲರ್ ಅವರ 1990ರ ವರದಿಯಿಂದಾಗಿ ಮೇಲಿನ ದರ್ಜೆಯ ಕ್ರೀಡಾಂಗಣಗಳಲ್ಲಿ ನಿಂತು ನೋಡುವ ಗ್ಯಾಲರಿಗಳು ಹೋಗಿ ಎಲ್ಲೆಡೆ ಕುರ್ಚಿಗಳು ಬಂದವು; ಲಿವರ್‌ಪೂಲ್‌ನ ತವರು ಮೈದಾನ ಆನ್‌ಫೀಲ್ಡ್‌ನ ಪ್ರಸಿದ್ಧ ಕಾಪ್ ಗ್ಯಾಲರಿಯಲ್ಲಿ ಜನ ನಿಂತು ಹಾಡಿದ ಕೊನೆಯ ವರ್ಷ 1994. ಪ್ರಾಣ ಉಳಿಸುವ ಕ್ರಮವಾಗಿ ಅದು ಅಂದು ಬೇಕಾಗಿತ್ತು. ಆದರೆ ಅದರ ಬೆನ್ನಿಗೇ ಟಿಕೆಟ್ ದರ ಏರುತ್ತ ಹೋಗಿ, ಹಾಡು ಕಟ್ಟಿದ್ದ ದುಡಿಯುವ ಜನರ ಮಕ್ಕಳು ಹೊರಗುಳಿದರು. 2000ದ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ನಾಯಕ ರಾಯ್ ಕೀನ್ ತಮ್ಮದೇ ಮೈದಾನದ ಪ್ರೇಕ್ಷಕರ ಮೇಲೆ ರೇಗಿ, ಸೀಗಡಿ ಸ್ಯಾಂಡ್‌ವಿಚ್ ತಿನ್ನುತ್ತ ಕೂರುವವರಿಗೆ ಆಟ ತಿಳಿಯುವುದಿಲ್ಲ ಎಂಬರ್ಥದ ಮಾತಾಡಿದ್ದು ಆ ಸಂದರ್ಭದಲ್ಲೇ. ಅಂದಿನಿಂದ ಕುಳಿತು ನೋಡುವವನೆಂದರೆ ದುಡ್ಡಿನ ಗಿರಾಕಿ ಎಂಬ ಚಿತ್ರ ಜನರ ತಲೆಯಲ್ಲಿ ಕೂತಿದೆ. ಆದರೆ ಕೀನ್ ಅವರ ದೂರನ್ನು ಸರಿಯಾಗಿ ಓದಿದರೆ, ಅವರು ಬೈದದ್ದು ತಿಂದು ಕುಡಿದು ಕೂತು, ಮೈದಾನದಲ್ಲಿ ಏನು ನಡೆಯುತ್ತಿದೆ ಎಂಬುದೇ ತಿಳಿಯದವರನ್ನು. ಅಪ್ಪನಂಥವರಿಗೆ ಮೈದಾನದಲ್ಲಿ ನಡೆಯುವುದೆಲ್ಲ ತಿಳಿಯುತ್ತದೆ. ಅವರ ಮೌನ ಬೇರೆ, ಆಟದ ನಡುವೆ ಮೊಬೈಲ್ ನೋಡುತ್ತ ಕೂರುವವನ ಮೌನ ಬೇರೆ.

ಅಷ್ಟೇ ಮುಖ್ಯವಾದ ಇನ್ನೊಂದು ಮಾತನ್ನು ಹಾಡುವವರಲ್ಲಿ ಒಬ್ಬನಾಗಿಯೇ ಹೇಳಬೇಕು. ಹಾಡು ಆಟಕ್ಕೆ ಉತ್ತರವಾಗಿ ಹುಟ್ಟಿದರೆ ಅದಕ್ಕೆ ಜೀವವಿರುತ್ತದೆ: ಕಾರ್ನರ್ ಸಿಕ್ಕಾಗ ಏಳುವ ಅಲೆ, ಸೋಲುತ್ತಿರುವ ತಂಡಕ್ಕೆ ಬೆನ್ನು ತಟ್ಟುವ ಘೋಷಣೆ, ಗಾಯಗೊಂಡು ಹೊರನಡೆಯುವ ಎದುರಾಳಿಗೂ ಸಿಗುವ ಚಪ್ಪಾಳೆ. ಮೈದಾನಕ್ಕೆ ಬೆನ್ನು ಹಾಕಿ, ಮೆಗಾಫೋನ್ ಹಿಡಿದು ಗ್ಯಾಲರಿಯನ್ನು ಹಾಡಿಸುವ ಮುಂದಾಳು ತನ್ನ ಆಟದ ಸುಖವನ್ನೇ ತ್ಯಾಗ ಮಾಡುತ್ತಾನೆ, ಅವನ ಮೇಲೆ ನನಗೆ ನಿಜವಾದ ಗೌರವವಿದೆ. ಆದರೆ ಅವನ ಬೆನ್ನ ಹಿಂದೆ ಪೆನಾಲ್ಟಿ ತಪ್ಪಿದರೂ ಹೊಡೆದರೂ ಅದೇ ಹಾಡು ಅದೇ ಲಯದಲ್ಲಿ ಸಾಗುತ್ತಿದ್ದರೆ, ಅದು ಟಿವಿಯಲ್ಲಿ ಹಿಂದೆ ಹಾಕಿದ ಧ್ವನಿಮುದ್ರಿಕೆಗೆ ಹತ್ತಿರವಾಗುತ್ತದೆ. ಜರ್ಮನಿಯ ಅಭಿಮಾನಿಗಳು 2012ರ ಕೊನೆಯಲ್ಲಿ ಹೊಸ ಭದ್ರತಾ ನಿಯಮಗಳನ್ನು ವಿರೋಧಿಸಲು ಆರಿಸಿಕೊಂಡ ಆಯುಧ ಮೌನ. ಆ ನಿಯಮಗಳ ಮೇಲೆ ಕ್ಲಬ್‌ಗಳು ಡಿಸೆಂಬರ್ 12ರಂದು ಮತ ಹಾಕುವುದಕ್ಕೆ ಮುಂಚಿನ ಪಂದ್ಯಗಳಲ್ಲಿ ಅವರು ಮೊದಲ 12 ನಿಮಿಷ 12 ಸೆಕೆಂಡು ತುಟಿ ಬಿಚ್ಚಲಿಲ್ಲ. ಹಾಡಿನ ಬೆಲೆ ಇಡೀ ದೇಶಕ್ಕೆ ಗೊತ್ತಾದದ್ದು ಆ 12 ನಿಮಿಷಗಳಲ್ಲಿ.

ಕಂಠೀರವದಲ್ಲಿ ಹಾಡುವುದು ಸುಲಭವಲ್ಲ ಎಂಬುದನ್ನೂ ಒಪ್ಪಬೇಕು. ಅದು ಮೂಲತಃ ಅಥ್ಲೆಟಿಕ್ಸ್ ಕ್ರೀಡಾಂಗಣ. ಗ್ಯಾಲರಿಗೂ ಆಟದ ಅಂಕಣಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ, ಸದ್ದು ಆಟಗಾರರನ್ನು ತಲುಪುವ ಮೊದಲೇ ಚದುರುತ್ತದೆ. ಆದ್ದರಿಂದ ಒಂದೊಂದು ದನಿಯೂ ಬೇಕು ಎನ್ನುವ ಯುವಕರ ಆತುರ ನನಗೆ ಅರ್ಥವಾಗುತ್ತದೆ. ಆದರೂ 2018ರ ಜೂನ್‌ನಲ್ಲಿ ಭಾರತ ತಂಡದ ಪಂದ್ಯದಲ್ಲಿ ಮುಂಬೈನ ಖಾಲಿ ಗ್ಯಾಲರಿಗಳನ್ನು ನೋಡಿ ನೊಂದ ತಂಡದ ನಾಯಕ ಚೆಟ್ರಿ ವಿಡಿಯೊದಲ್ಲಿ ಕೈಮುಗಿದು ಕೇಳಿದ್ದೇನು? ಬೈಯುವುದಾದರೆ ಬೈಯಿರಿ, ಟೀಕಿಸಿ, ಆದರೆ ಕ್ರೀಡಾಂಗಣಕ್ಕೆ ಬನ್ನಿ ಎಂದರು. ಹಾಡಿ ಎಂಬ ಷರತ್ತನ್ನು ಅವರು ಹಾಕಲಿಲ್ಲ. ಕೀನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ ಜನ ತುಂಬಿ ಬಂದರು. ಐದು ವರ್ಷಗಳ ನಂತರ, 2023ರ ಜುಲೈ 4ರಂದು, ಕುವೈತ್ ವಿರುದ್ಧ ಭಾರತ ಆಡಿದ ಸ್ಯಾಫ್ (ದಕ್ಷಿಣ ಏಷ್ಯಾ) ಚಾಂಪಿಯನ್‌ಷಿಪ್ ಫೈನಲ್ಲಿನಲ್ಲಿ ಇದೇ ಕಂಠೀರವದ ಎಲ್ಲ ದಿಕ್ಕಿನ ಗ್ಯಾಲರಿಗಳೂ ಒಟ್ಟಾಗಿ ವಂದೇ ಮಾತರಂ ಎಂದು ಹಾಡಿದವು. ಯಾವ ಮುಂದಾಳೂ ಅಷ್ಟು ಜನರನ್ನು ಗದರಿಸಿ ಹಾಡಿಸಲಾರ. ಆಟವೇ ಅವರನ್ನು ಹಾಡಿಸಿತು.

ನನ್ನ ಕೋರಿಕೆ ದೊಡ್ಡದಲ್ಲ. ನಿಂತು ಹಾಡುವವರಿಗೆ ಅವರ ಬ್ಲಾಕ್ ಇರಲಿ, ಅಲ್ಲಿಗೆ ಟಿಕೆಟ್ ಕೊಳ್ಳುವಾಗಲೇ ಎದುರಿಗೆ ಬಾವುಟ ಬರುತ್ತದೆಂದು ತಿಳಿಸಿರಲಿ, ಅಲ್ಲಿ ಯಾರೂ "ಕೂತ್ಕೊಳ್ರೋ" ಎಂದು ಕೂಗದಿರಲಿ. ಉಳಿದ ಗ್ಯಾಲರಿಗಳಲ್ಲಿ ಯಾರನ್ನೂ ಯಾಕೆ ಹಾಡುತ್ತಿಲ್ಲವೆಂದು ಕೇಳದಿರಲಿ. ಐಟಿಐ, ಎಚ್‌ಎಎಲ್ ತಂಡಗಳ ಆಟ ನೋಡಿದ ಕಣ್ಣುಗಳು ಈ ಊರಿನಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಆ ಕಣ್ಣುಗಳನ್ನು ಮೈದಾನದಿಂದ ಕಳಿಸಿಬಿಟ್ಟರೆ ನಮ್ಮ ಹಾಡುಗಳಿಗೆ ಹಿಂದಿನ ಕಥೆ ಹೇಳುವವರು ಯಾರು?

ಕಳೆದ ಸೀಸನ್ನಿನಲ್ಲಿ ಅಪ್ಪನನ್ನು ಒಪ್ಪಿಸಿ ಮತ್ತೆ ಕರೆದುಕೊಂಡು ಹೋದೆ. ಅವರಿಗೆ ಬೇರೆ ಸ್ಟ್ಯಾಂಡಿನಲ್ಲಿ, ನೆರಳಿರುವ ಕಡೆ ಟಿಕೆಟ್ ತೆಗೆದು, ನಾನು ಹಾಡುವವರ ನಡುವೆ ನಿಂತೆ. ಪಂದ್ಯ ಮುಗಿದು ಗೇಟಿನ ಹೊರಗೆ ಸಿಕ್ಕಾಗ, ಅರುವತ್ತನೆಯ ನಿಮಿಷದಿಂದಲೇ ಎದುರಾಳಿಯ ಎಡ ರಕ್ಷಕ ಕುಂಟುತ್ತಿದ್ದನೆಂದೂ, ನಮ್ಮವರು ಅದನ್ನು ಹದಿನೈದು ನಿಮಿಷ ಗಮನಿಸಲೇ ಇಲ್ಲವೆಂದೂ ಬೇಸರಪಟ್ಟುಕೊಂಡರು. ನಾನೂ ಗಮನಿಸಿರಲಿಲ್ಲ. ಆಮೇಲೆ ಅವರು ಕೇಳಿದರು: "ನಾವು ಗೋಲು ಬಿಟ್ಟುಕೊಟ್ಟ ತಕ್ಷಣ ನೀವೆಲ್ಲ ಏನೋ ಹಾಡಿದ್ರಲ್ಲ, ಅದರ ಸಾಲು ಹೇಗೆ ಬರುತ್ತೆ?" ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದವರೆಗೂ ನಾನು ಅದನ್ನು ಹೇಳಿಕೊಡುತ್ತ ನಡೆದೆ.