ದೆವ್ವ ಬಂತಾ ಅಂತ ಕೇಳ್ಬೇಡಿ

2025ರ ಅಕ್ಟೋಬರಲ್ಲಿ ಲಂಡನ್ನಿನ ಹ್ಯಾರೋಲ್ಡ್ ಪಿಂಟರ್ ಥಿಯೇಟರಲ್ಲಿ ‘ದಿ ವಿಯರ್’ ನಾಟಕ ನೋಡಿದೆ. ಆವಾಗಿಂದ ಯಾರಿಗೆ ಹೇಳಿದ್ರೂ ಮೊದಲ್ನೇ ಪ್ರಶ್ನೆ ಒಂದೇ, ದೆವ್ವದ ನಾಟಕ ಅಂತಲ್ಲ, ಭಯ ಆಯ್ತಾ, ಸ್ಟೇಜ್ ಮೇಲೆ ದೆವ್ವ ಬಂತಾ. ಬರಲ್ಲ ರೀ. ಏನೂ ಬರಲ್ಲ. ನಾಲ್ಕು ಜನ ಗಂಡಸ್ರು, ಒಬ್ಳು ಹೆಂಗಸು, ಒಂದು ಪಬ್ಬು, ಒಂದು ಬೆಂಕಿ ಒಲೆ, ಹೊರಗಡೆ ಗಾಳಿ, ಅಷ್ಟೇ. ಇಂಟರ್ವಲ್ ಕೂಡ ಇಲ್ಲ. ಆದ್ರೂ ನಾನು ಮನೆಗೆ ಬಂದ್ಮೇಲೆ ರಾತ್ರಿಯೆಲ್ಲ ನಿದ್ದೆ ಮಾಡ್ಲಿಲ್ಲ, ಅದಕ್ಕೆ ಕಾರಣ ಭಯ ಅಲ್ಲ.

ಬರೆದೋರು ಐರ್ಲೆಂಡಿನ ಕಾನರ್ ಮ್ಯಾಕ್‌ಫರ್ಸನ್. 1997ರ ಜುಲೈಯಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರ್‌ನೋರು ಇದನ್ನ ಮೊದಲು ಆಡಿಸಿದಾಗ ಅವರಿಗೆ ಬರೀ 25 ವರ್ಷ, ಈ ನಾಟಕ ನೋಡಿದ್ರೆ ನಂಬೋಕಾಗಲ್ಲ. ಅವರ ತಾತ ಲೀಟ್ರಿಮ್ ಕಡೆ ಹಳ್ಳೀಲಿ ಒಬ್ರೇ ಇದ್ರಂತೆ, ಅವರನ್ನ ನೋಡೋಕೆ ಹೋಗ್ತಿದ್ದಾಗ ಕೇಳಿದ ಕತೆಗಳಿಂದ ಹುಟ್ಟಿದ್ದಂತೆ ಇದು. ಈ ಸಲ ಡೈರೆಕ್ಷನ್ನೂ ಅವರದ್ದೇ. ವಿಯರ್ ಅಂದ್ರೆ ನಮ್ಮ ಕಡೆ ಅಣೆ ಅಂತೀವಲ್ಲ ಅದು, ಹೊಳೆಗೆ ಅಡ್ಡ ಕಟ್ಟಿರ್ತಾರೆ, ನೀರು ನಿಲ್ಲುತ್ತೆ ಆಮೇಲೆ ಮೇಲಿಂದ ಹರಿಯುತ್ತೆ.

ಡಬ್ಲಿನ್ನಿಂದ ವ್ಯಾಲೆರಿ ಅನ್ನೋಳು ಐರ್ಲೆಂಡಿನ ಒಂದು ಹಳ್ಳಿಗೆ, ಬಾಡಿಗೆ ಮನೆಗೆ ಬಂದಿದ್ದಾಳೆ. ಮನೆ ಕೊಡಿಸಿದ ಫಿನ್‌ಬಾರ್ ಊರಲ್ಲಿ ದುಡ್ಡಿರೋನು, ಅವಳನ್ನ ಪಬ್ಬಿಗೆ ಕರ್ಕೊಂಡು ಬರ್ತಾನೆ. ಹೊಸ ಹೆಂಗಸು ಅಂತ ಇವ್ರಿಗೆಲ್ಲ ಒಂಥರಾ ಹುರುಪು, ಒಬ್ಬೊಬ್ರೇ ಊರಿನ ಕತೆ ಶುರು ಮಾಡ್ತಾರೆ. ಗ್ಯಾರೇಜ್ ಇಟ್ಟಿರೋ ಜ್ಯಾಕ್ ಹೇಳೋದು ಫೇರಿಗಳು ಸ್ನಾನಕ್ಕೆ ಹೋಗೋ ದಾರಿ ಮೇಲೆ ಕಟ್ಟಿದ ಒಂದು ಮನೆ ಕತೆ. ಐರ್ಲೆಂಡಿನ ಫೇರಿ ಅಂದ್ರೆ ಮಕ್ಕಳ ಪುಸ್ತಕದ ರೆಕ್ಕೆ ಫೇರಿ ಅಲ್ಲ, ನಮ್ಮ ಮಲೆನಾಡಲ್ಲಿ ಚೌಡಿ ಅಂತಾರಲ್ಲ ಹಾಗೆ, ಆ ಜಾಗದ ತಂಟೆಗೆ ಹೋಗ್ಬಾರ್ದು. ರಾತ್ರಿ ಬಾಗಿಲು ತಟ್ಟೋ ಸದ್ದು, ಅದೂ ಬಾಗಿಲಿನ ಕೆಳಗಡೆ, ತುಂಬಾ ಕೆಳಗೆ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದ ಬೀದೀಲಿ ಬೆಳೆದೋನು ನಾನು, ಬಾಗಿಲು ತಟ್ಟೋ ಕತೆ ನಂಗೆ ಹೊಸದಲ್ಲ, ಆದ್ರೆ ಆ ‘ಕೆಳಗೆ’ ಅನ್ನೋದು ಬೆನ್ನಲ್ಲಿ ಚಳಿ ಹುಟ್ಟಿಸ್ತು. ಪಾದ್ರಿ ಬಂದು ಬಾಗಿಲು ಕಿಟಕಿಗೆಲ್ಲ ಪ್ರಾರ್ಥನೆ ಮಾಡಿದ್ಮೇಲೆ ನಿಂತಿದ್ದು, 1951ರಲ್ಲಿ ಊರಿನ ಅಣೆ ಕಟ್ಟುವಾಗ ಮತ್ತೆ ಕೇಳಿಸ್ತಂತೆ. ಕತೆ ಮುಗಿದ್ಮೇಲೆ ಗೊತ್ತಾಗುತ್ತೆ, ವ್ಯಾಲೆರಿ ಈಗ ಇರೋದು ಅದೇ ಮನೇಲಿ.

ಫಿನ್‌ಬಾರ್ ಒಂದು ಹೇಳ್ತಾನೆ, ಜಿಮ್ ಒಂದು ಹೇಳ್ತಾನೆ. ಜಿಮ್ಮಿಂದು ಸ್ಮಶಾನದ ಕತೆ, ಒಂದು ಚಿಕ್ಕ ಹುಡುಗಿಯ ಸಮಾಧಿ ವಿಷ್ಯ, ಬಿಡಿ, ಇಲ್ಲಿ ಬರೆಯಲ್ಲ.

ಆಮೇಲೆ ವ್ಯಾಲೆರಿ ಬಾಯಿ ಬಿಡ್ತಾಳೆ. ಇರೋ ಒಬ್ಳು ಮಗಳು ಸ್ವಿಮ್ಮಿಂಗ್ ಪೂಲಲ್ಲಿ ತೀರ್ಕೊಂಡಿದ್ದಾಳೆ. ಸ್ವಲ್ಪ ದಿನ ಆದ್ಮೇಲೆ ಒಂದಿನ ಮನೆ ಫೋನ್ ರಿಂಗಾಗುತ್ತೆ, ಎತ್ತಿದ್ರೆ ಮಗಳ ದನಿ, ಬಂದು ಕರ್ಕೊಂಡು ಹೋಗು ಅಂತ. ಆ ಮಗುಗೆ ಮೊದಲಿಂದ್ಲೂ ಕತ್ತಲೆ ಕಂಡ್ರೆ ಭಯ, ಗೋಡೆ ಒಳಗೆ ಮಕ್ಕಳು ತಟ್ತಾರೆ ಅನ್ನೋ ಭಯ. ಜ್ಯಾಕ್ ಮಜಾ ತಗೊಂಡು ಹೇಳಿದ್ದ ಆ ಬಾಗಿಲು ತಟ್ಟೋ ಸದ್ದು ಇಲ್ಲಿ ವಾಪಸ್ ಬಂದಾಗ ಇಡೀ ಥಿಯೇಟರಲ್ಲಿ ಒಬ್ರೂ ಕೆಮ್ಮಲಿಲ್ಲ. ವ್ಯಾಲೆರಿ ಪಾತ್ರ ಮಾಡಿದ ಕೇಟ್ ಫಿಲಿಪ್ಸ್ ಅಳದೇ ಹೇಳಿದ್ರು, ಅದೇ ತಡೆಯೋಕಾಗ್ಲಿಲ್ಲ.

ನಾನು ಹೇಳ್ಬೇಕು ಅಂತಿರೋದು ಇದಾದ ಮೇಲಿನ ಐದು ನಿಮಿಷದ ಬಗ್ಗೆ. ಅಲ್ಲೀವರೆಗೂ ದೆವ್ವ ಇದೆ ಅಂತ ಆಣೆ ಪ್ರಮಾಣ ಮಾಡೋ ತರ ಮಾತಾಡ್ತಿದ್ದ ಈ ಗಂಡಸ್ರು ತಕ್ಷಣ ತಮ್ಮ ಕತೆಗಳನ್ನೆಲ್ಲ ವಾಪಸ್ ತಗೋತಾರೆ, ಗಾಳಿ ಇರ್ಬೇಕು, ಜ್ವರ ಇತ್ತು, ಕುಡಿದಿದ್ದೆ, ನಿಂಗೂ ಕನಸು ಬಿದ್ದಿರ್ಬೇಕಮ್ಮ. ಒಳ್ಳೇ ಮನಸ್ಸಿಂದಾನೇ ಹೇಳ್ತಾರೆ, ಯಾರೂ ಕೆಟ್ಟೋರಲ್ಲ. ಆದ್ರೆ ಅವಳಿಗೆ ಬೇಕಾಗಿದ್ದು ಅದಲ್ಲ. ಇವರ ಕತೆ ಕೇಳಿ, ಸದ್ಯ ನಂಗೆ ತಲೆ ಕೆಟ್ಟಿಲ್ಲ, ಇಲ್ಲಿ ಹೇಳ್ಕೋಬಹುದು ಅಂತ ಅವಳಿಗೆ ಅನ್ಸಿರುತ್ತೆ, ಅಷ್ಟರಲ್ಲಿ ಇವರು ಆ ಬಾಗಿಲೇ ಮುಚ್ತಾರೆ.

ಕೊನೇಗೆ ಜ್ಯಾಕ್ ಇನ್ನೊಂದು ಹೇಳ್ತಾನೆ, ಅದ್ರಲ್ಲಿ ದೆವ್ವಾನೇ ಇಲ್ಲ. ಪ್ರೀತಿಸಿದ ಹುಡುಗೀನ ತಾನೇ ಬಿಟ್ಟು, ಆಮೇಲೆ ಅವಳ ಮದುವೆಗೆ ಡಬ್ಲಿನ್‌ಗೆ ಹೋಗಿ, ಅಲ್ಲಿ ನಿಲ್ಲೋಕಾಗ್ದೆ ಯಾವ್ದೋ ಪಬ್ಬಲ್ಲಿ ಕೂತಾಗ, ಗುರುತೇ ಇಲ್ಲದ ಬಾರ್‌ನೋನು ಇವನ ಮುಖ ನೋಡಿ ಒಂದು ಸ್ಯಾಂಡ್‌ವಿಚ್ ಮಾಡ್ಕೊಟ್ಟಿದ್ದು. ಜ್ಯಾಕ್ ಪಾತ್ರ ಮಾಡಿದ ಬ್ರೆಂಡನ್ ಗ್ಲೀಸನ್ ಅಷ್ಟು ದೊಡ್ಡ ಆಳು ಆ ಸ್ಯಾಂಡ್‌ವಿಚ್ ವಿಷ್ಯ ಹೇಳುವಾಗ ಎಷ್ಟು ಚಿಕ್ಕೋರಾಗಿ ಕಾಣಿಸಿದ್ರು ಅಂದ್ರೆ. ಇದನ್ನ ಯಾರಾದ್ರೂ ಕನ್ನಡದಲ್ಲಿ ಮಾಡಿದ್ರೆ ದಯವಿಟ್ಟು ಹೊಗೆ ಬಿಡ್ಬೇಡಿ, ನಾಯಿ ಊಳಿಡೋ ಸೌಂಡ್ ಹಾಕ್ಬೇಡಿ, ಕೂತು ಮಾತಾಡ್ಲಿ ಸಾಕು.

ನಮ್ಮ ದೊಡ್ಡಮ್ಮನ ಮಗ ಬೈಕ್ ಆಕ್ಸಿಡೆಂಟಲ್ಲಿ ಹೋಗಿ ಸುಮಾರು ವರ್ಷ ಆಯ್ತು. ಆಗ ದೊಡ್ಡಮ್ಮ ಹೇಳ್ತಿದ್ರು, ರಾತ್ರಿ ಹತ್ತು ಗಂಟೆಗೆ ಗೇಟ್ ಹತ್ರ ಅವನ ಗಾಡಿ ನಿಲ್ಲೋ ಸದ್ದು ಕೇಳುತ್ತೆ ಕಣೋ ಅಂತ. ಒಬ್ರು ಪಕ್ಕದ್ಮನೆ ಗಾಡಿ ಅಂದ್ರು, ಒಬ್ರು ಶಾಂತಿ ಮಾಡ್ಸಿ ಅಂದ್ರು. ನಾನು ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದ್ದೆ, ಮೆದುಳು ಹೆಂಗೆ ಸದ್ದನ್ನ ಕಲ್ಪಿಸ್ಕೊಳ್ಳುತ್ತೆ ಅಂತ ಅರ್ಧ ಗಂಟೆ ಅವರಿಗೆ ಪಾಠ ಮಾಡಿದೆ. ಪೂರ್ತಿ ಕೇಳಿಸ್ಕೊಂಡ್ರು, ಕಾಫಿ ಕೊಟ್ರು, ಆಮೇಲೆ ಯಾವತ್ತೂ ಆ ಮಾತು ಎತ್ಲಿಲ್ಲ.

ನಾಟಕ ನೋಡಿದ್ಮೇಲೆ ಬಂದ ಭಾನುವಾರ ದೊಡ್ಡಮ್ಮಂಗೆ ಫೋನ್ ಮಾಡ್ದೆ. ಅದೂ ಇದೂ ಮಾತಾಡಿ, ದೊಡ್ಡಮ್ಮ, ಆ ಗಾಡಿ ಸದ್ದು ಈಗ್ಲೂ ಕೇಳುತ್ತಾ ಅಂದೆ. ಸುಮಾರು ಹೊತ್ತು ಸುಮ್ನಿದ್ರು. ಆಮೇಲೆ, ‘ಕೇಳುತ್ತೆ ಮಗಾ, ಈಗೀಗ ಹನ್ನೊಂದಾಗುತ್ತೆ, ಲೇಟಾಗಿ ಬರ್ತಾನೆ’ ಅಂದ್ರು.