ಇಲ್ಲದ ಊರಿಗೆ ಮ್ಯೂಸಿಯಂ, ಇರೋ ಊರಿಗೆ ಒಂದು ನಿಮಿಷ

ಅರಸಾಳಿನವರು ಮಾಡಿದ ದೊಡ್ಡ ತಪ್ಪು ಏನಪ್ಪಾ ಅಂದರೆ, ಅವರು ನಿಜವಾಗಿಯೂ ಇದ್ದಾರೆ.

ಹೊಸನಗರ ತಾಲ್ಲೂಕಿನ ಈ ಊರಲ್ಲಿ ಜನರಿಗೆ ರೇಷನ್ ಕಾರ್ಡ್ ಇದೆ, ವೋಟು ಇದೆ, ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಬರುತ್ತದೆ. ಇಷ್ಟೊಂದು ಇರುವವರು ನಮ್ಮೂರಲ್ಲಿ ರೈಲು ನಿಲ್ಲಿಸಿ ಅಂದರೆ ರೈಲ್ವೆಯವರು ನಂಬುವುದು ಹೇಗೆ? ಅದೇ ಮಾಲ್ಗುಡಿ ನೋಡಿ. ಪಿನ್‌ಕೋಡ್ ಇಲ್ಲ, ಪಂಚಾಯ್ತಿ ಇಲ್ಲ, ಯಾವ ನಕ್ಷೆಯಲ್ಲೂ ಇಲ್ಲ. 1930ರಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನದಂದು, ಆರ್.ಕೆ. ನಾರಾಯಣ್ ಬೆಂಗಳೂರಲ್ಲಿ ಬರೆಯಲು ಕೂತಾಗ ಪುಟ್ಟದೊಂದು ರೈಲ್ವೆ ಸ್ಟೇಷನ್ ಸಮೇತ ಅವರ ತಲೆಗೆ ಬಂದ ಊರು ಅದು. ಟಿಕೆಟ್ ಕೇಳುವ ಒಬ್ಬ ಪ್ರಯಾಣಿಕನೂ ಇಲ್ಲ, ಆದರೂ ಸ್ಟೇಷನ್ ಇದೆ. ಯಾವ ಇಲಾಖೆಗೆ ತಾನೇ ಇಷ್ಟವಾಗುವುದಿಲ್ಲ ಹೇಳಿ?

1980ರ ದಶಕದಲ್ಲಿ ಶಂಕರ್ ನಾಗ್ ನಾರಾಯಣರ ಮಾಲ್ಗುಡಿ ಕಥೆಗಳನ್ನು ಟೀವಿಗೆ ತಂದರು. ಊರಿನ ಪಾತ್ರ ಆಗುಂಬೆಗೆ ಸಿಕ್ಕಿತು. ಆಗುಂಬೆಯಲ್ಲಿ ಬೇಕಾದಷ್ಟು ಮಳೆ ಇದೆ, ರೈಲು ಮಾತ್ರ ಇಲ್ಲ. ಹಾಗಾಗಿ ಸ್ಟೇಷನ್ ಪಾತ್ರ ಅರಸಾಳಿಗೆ ಬಂತು. ಪಾಪ, ಅಂದಿನಿಂದ ಆ ಸ್ಟೇಷನ್ ವೇಷ ಕಳಚಿಯೇ ಇಲ್ಲ.

ನಮ್ಮ ಕಡೆಯ ರೈಲಿಗೆ ಮೊದಲಿಂದಲೂ ಅವಸರ ಕಮ್ಮಿ. ಬೀರೂರಿನಿಂದ ಶಿವಮೊಗ್ಗಕ್ಕೆ ಅದು ಬಂದದ್ದು 1899ರಲ್ಲಿ. ಅಲ್ಲಿಂದ ಅರಸಾಳು ದಾಟಿ ತಾಳಗುಪ್ಪ ಮುಟ್ಟಲು ಇನ್ನೂ ನಾಲ್ಕು ದಶಕ ಹಿಡಿಯಿತು. ಅಷ್ಟು ದೂರ ಬಂದದ್ದಕ್ಕೇ ಸುಸ್ತಾಗಿ ಇವತ್ತಿಗೂ ಅಲ್ಲೇ ಕೂತಿದೆ. ಹೊನ್ನಾವರಕ್ಕೆ ಒಯ್ಯುವ ಮಾತು ಮಾತ್ರ ಪ್ರತಿ ಚುನಾವಣೆಯಲ್ಲೂ ಸರಾಗವಾಗಿ ಘಟ್ಟ ಇಳಿಯುತ್ತದೆ. ನಡುವೆ ಒಂದಷ್ಟು ಕಾಲ ಇದೇ ಮೀಟರ್ ಗೇಜ್ ಹಳಿಯ ಮೇಲೆ ರೈಲ್ ಬಸ್ ಓಡಿತು. ರೈಲೂ ಅಲ್ಲ, ಬಸ್ಸೂ ಅಲ್ಲ, ಆದರೆ ಊರಿನವರು ಹತ್ತುವಷ್ಟು ಹೊತ್ತು ನಿಲ್ಲುತ್ತಿತ್ತು. ಆಮೇಲೆ ಬ್ರಾಡ್ ಗೇಜ್ ಬಂತು. ಹಳಿ ಅಗಲವಾಯಿತು, ರೈಲು ಉದ್ದವಾಯಿತು. ನಿಲ್ಲುವುದು ಮಾತ್ರ ಕಷ್ಟವಾಯಿತು.

ಗೇಜ್ ಬದಲಾದ ಮೇಲೆ ಹಳೆಯ ಕಟ್ಟಡಕ್ಕೆ ಕೆಲಸವಿರಲಿಲ್ಲ. ಸುಮ್ನೆ ಪಾಳು ಬೀಳುತ್ತಿತ್ತು. ಅದನ್ನು ರಿಪೇರಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಪಕ್ಕದಲ್ಲಿ ಹಳೆಯ ಬೋಗಿಯೊಂದನ್ನು ನಿಲ್ಲಿಸಿ ಚಹಾದಂಗಡಿ ಮಾಡಿದರು. ಕೆಲಸವೇನೋ ಚೆನ್ನಾಗಿದೆ, ನಾನು ಕೊಂಕು ತೆಗೆಯುವುದಿಲ್ಲ. ನಮ್ಮಲ್ಲಿ ಹಳೆಯ ಕಟ್ಟಡ ಕೆಡವದೆ ಉಳಿಯುವುದೇ ಅಪರೂಪ. ನಿಲ್ದಾಣಕ್ಕೆ ಮಾಲ್ಗುಡಿ ಅಂತಲೇ ಹೆಸರಿಡಬೇಕು ಅನ್ನುವ ಮಾತೂ ಎದ್ದಿತ್ತು. ಜೋಗ ನೋಡಲು ಹೊರಟವರು ಕಾರಿನಲ್ಲಿ ಬಂದು, ನಿಂತ ಬೋಗಿಯ ಮುಂದೆ ತಾವೂ ನಿಂತು ಫೋಟೋ ತೆಗೆಸಿಕೊಂಡು, ಕಾರಿನಲ್ಲೇ ಹೋಗುತ್ತಾರೆ. ಅರಸಾಳಿನಲ್ಲಿ ಸದಾ ನಿಂತೇ ಇರುವ ಬೋಗಿ ಅದೊಂದೇ.

ಓಡುವ ರೈಲುಗಳ ಕಥೆ ಬೇರೆ. ಮೈಸೂರು-ತಾಳಗುಪ್ಪ ರೈಲುಗಳು ಇಲ್ಲಿ ನಿಲ್ಲಲಿ ಅಂತ ಜನ ಕೇಳಿದರು. ಕೇಳಿ ಕೇಳಿ ಕೊನೆಗೆ ಸಿಕ್ಕಿದ್ದು 'ತಾತ್ಕಾಲಿಕ ನಿಲುಗಡೆ'. ಪಕ್ಕದ ಕುಂಸಿಗೂ ಅದೇ ಪ್ರಸಾದ. ಒಂದು ನಿಮಿಷ, ಅದೂ ಕೆಲವು ತಿಂಗಳ ಮಟ್ಟಿಗೆ. ಅವಧಿ ಮುಗಿಯುವ ಹೊತ್ತಿಗೆ 'ನಿಲುಗಡೆ ವಿಸ್ತರಣೆ' ಅಂತ ಪೇಪರಿನಲ್ಲಿ ಸುದ್ದಿ ಬರುತ್ತದೆ. ಊರಿನವರು ಪರೀಕ್ಷೆಯ ರಿಸಲ್ಟ್ ನೋಡಿದ ಹಾಗೆ ನೋಡಿ, ಪಾಸಾದೆವು ಅಂತ ಉಸಿರು ಬಿಡುತ್ತಾರೆ.

ಒಂದು ನಿಮಿಷದಲ್ಲಿ ಏನೇನು ಆಗಬೇಕು ಗೊತ್ತಾ? ರಿಪ್ಪನ್‌ಪೇಟೆ ಕಡೆಯಿಂದ ಬಂದ ಅಜ್ಜಿಯೊಬ್ಬಳು ಬೆಂಗಳೂರಿನ ಮಗಳ ಮನೆಗೆ ಹೊರಟಿದ್ದಾಳೆ ಅಂದುಕೊಳ್ಳಿ. ಒಂದು ಕೈಲಿ ಜೋನಿ ಬೆಲ್ಲದ ಡಬ್ಬಿ, ಇನ್ನೊಂದು ಕೈಲಿ ಹಲಸಿನ ಹಪ್ಪಳದ ಕಟ್ಟು, ಕಂಕುಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ. ಜನರಲ್ ಬೋಗಿ ತುದಿಯಲ್ಲಿ. ಅಜ್ಜಿ ನಿಂತಿರುವುದು ಮಧ್ಯದಲ್ಲಿ. ಓಡಬೇಕು. ಓಡಿ ತಲುಪಿದರೆ ಬಾಗಿಲಲ್ಲಿ ಒಬ್ಬ ಕೂತಿರುತ್ತಾನೆ, ಕಿವಿಯಲ್ಲಿ ಇಯರ್‌ಫೋನ್. ಅವನು ಏಳಬೇಕು, ಡಬ್ಬಿ ಒಳಗೆ ಹೋಗಬೇಕು, ಆಮೇಲೆ ಅಜ್ಜಿ. ಎಷ್ಟೋ ಸಲ ಡಬ್ಬಿಗಷ್ಟೇ ಸೀಟು ಸಿಗುತ್ತದೆ.

"ಪ್ರಯಾಣಿಕರ ಸಂಖ್ಯೆ, ಆದಾಯ ನೋಡಿ ತೀರ್ಮಾನ ಮಾಡುತ್ತೇವೆ" ಅನ್ನುವುದು ಇಂಥ ನಿಲುಗಡೆಗಳ ಲೆಕ್ಕಾಚಾರ. ಸರಿಯಾದ ಮಾತೇ. ಆದರೆ ಮಾಲ್ಗುಡಿಯಿಂದ ಇವತ್ತಿನವರೆಗೆ ಎಷ್ಟು ಟಿಕೆಟ್ ಮಾರಾಟವಾಗಿದೆ ಅಂತ ಯಾರೂ ಕೇಳಲಿಲ್ಲ, ಅಲ್ವಾ?

ಹಾಗಾಗಿ ನನ್ನದೊಂದು ಸಲಹೆ. ಅರಸಾಳಿನವರು ಇನ್ನು ಮುಂದೆ ನಿಲುಗಡೆ ಬೇಕು ಅಂತ ಮನವಿ ಕೊಡುವುದು ಬಿಡಲಿ. ತಾವೆಲ್ಲ ಕಾಲ್ಪನಿಕ ಪಾತ್ರಗಳು ಅಂತ ಒಂದು ಅರ್ಜಿ ಕೊಡಲಿ. ಗ್ರಾಮಸಭೆಯಲ್ಲಿ ಠರಾವು ಆಗಲಿ, ತಹಶೀಲ್ದಾರರಿಂದ 'ಈ ವ್ಯಕ್ತಿ ಇರುವುದಿಲ್ಲ' ಅಂತ ಸರ್ಟಿಫಿಕೇಟ್ ತರಲಿ. ಪಂಚೆ, ಕರಿ ಕೋಟು, ಹಳೆಯ ಕೊಡೆ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ಅಲ್ಲಾಡದೆ ನಿಂತರೆ ಮ್ಯೂಸಿಯಂನ ಗೊಂಬೆಗಳ ಲೆಕ್ಕಕ್ಕೆ ಸೇರಿಕೊಳ್ಳುತ್ತಾರೆ. ಆಗ ಪಾಲಿಶ್, ಪೇಂಟು, ನೆರಳು ಎಲ್ಲ ತಾನಾಗಿ ಬರುತ್ತದೆ.

ಇದನ್ನು ಅಲ್ಲಿಯವರೊಬ್ಬರ ಮುಂದೆ ಹೇಳಿದರೆ ಖಂಡಿತ ಒಪ್ಪುತ್ತಾರೆ. ಒಂದೇ ಅನುಮಾನ ಬರಬಹುದು: ಕಾಲ್ಪನಿಕ ಅನ್ನುವ ಮಾನ್ಯತೆಯನ್ನಾದರೂ ಪರ್ಮನೆಂಟಾಗಿ ಕೊಡುತ್ತಾರಾ, ಇಲ್ಲಾ ಅದನ್ನೂ ಕೆಲವು ತಿಂಗಳಿಗೊಮ್ಮೆ ವಿಸ್ತರಿಸುತ್ತಾರಾ?